ಎರಡು ಹಿಂಡಿಗೂ ಸೇರಿದ ಹೋರಿ

ಒಂದು ಹೋರಿ ಎಂಥದ್ದೆಂದು ತಿಳಿಯಬೇಕಾದರೆ ಅದರ ಮಕ್ಕಳನ್ನು ಕೊಯ್ಯಬೇಕು. ಆಗ ನಮ್ಮ ಬಳಿ ಇದ್ದದ್ದು ಅದೊಂದೇ ದಾರಿ. ಮಾಂಸದೊಳಗೆ ಕೊಬ್ಬಿನ ಗೆರೆ ಎಷ್ಟು ನವಿರಾಗಿ ಹರಡಿದೆ ಎಂಬುದನ್ನು ಬದುಕಿರುವ ಹೋರಿಯ ಮೈ ನೋಡಿ ಹೇಳಲಾಗುವುದಿಲ್ಲ. ಆದ್ದರಿಂದ ಅದರ ಗಂಡುಕರುಗಳನ್ನು ಎರಡೂವರೆ ವರ್ಷ ಕೊಬ್ಬಿಸಿ, ಕಡಿದು, ಆರು ಮತ್ತು ಏಳನೆಯ ಪಕ್ಕೆಲುಬುಗಳ ನಡುವೆ ಸೀಳಿ, ಅಲ್ಲಿ ಕಂಡದ್ದನ್ನು ಅಂಕಿಯಾಗಿ ಬರೆಯುತ್ತಾರೆ. ಅಂಥ ಸಾವಿರಾರು ಅಂಕಿಗಳು ನನ್ನ ಕಂಪ್ಯೂಟರಿಗೆ ಬರುತ್ತಿದ್ದವು. ಸತ್ತವುಗಳ ಅಂಕಿಯಿಂದ ನಾನು ಬದುಕಿರುವ ಹೋರಿಗಳಿಗೂ ಹಸುಗಳಿಗೂ ಒಂದೊಂದು ತಳಿಮೌಲ್ಯ ಕಟ್ಟುತ್ತಿದ್ದೆ. ಎಂದರೆ, ಇದರಿಂದ ಹುಟ್ಟುವ ಕರು ಸರಾಸರಿಗಿಂತ ಎಷ್ಟು ಮೇಲು, ಎಷ್ಟು ಕೀಳು ಎಂಬ ಅಂದಾಜು.

ನಾನು ಮೈಸೂರಿನವಳು, ಮನೆಯೊಳಗೆ ಮೊಟ್ಟೆ ತರದವರ ಮಗಳು. ಓದಿದ್ದು ಸಂಖ್ಯಾಶಾಸ್ತ್ರ. ಗಂಡನ ಸಾಫ್ಟ್‌ವೇರ್ ಕಂಪನಿ ಅವರನ್ನು ಜಪಾನಿಗೆ ಕಳಿಸಿದಾಗ ಜೊತೆಗೆ ಬಂದು, ನಿಶಿ ಕಸಾಯಿ ಎಂಬ ಬಡಾವಣೆಯ ಎರಡು ಕೋಣೆಯ ಮನೆಯಲ್ಲಿ ಐದು ವರ್ಷ ಕೂತು ಭಾಷೆ ಕಲಿತೆ. ಆಮೇಲೆ ಕಾವಾಸಾಕಿಯ ಒಂದು ಸಣ್ಣ ಕಚೇರಿಯಲ್ಲಿ ಈ ಕೆಲಸ ಸಿಕ್ಕಿತು. ಅಮ್ಮನಿಗೆ ಫೋನಿನಲ್ಲಿ ಹಸುಗಳ ಲೆಕ್ಕ ಇಡುವ ಕೆಲಸ ಎಂದಷ್ಟೇ ಹೇಳಿದೆ. ಮಗಳು ಜಪಾನಿನಲ್ಲಿ ಗೋಸೇವೆ ಮಾಡುತ್ತಿದ್ದಾಳೆಂದು ಅಮ್ಮ ಬೀದಿಗೆಲ್ಲ ಸಾರಿಕೊಂಡು ಬಂದರು. ನಾನು ತಿದ್ದಲಿಲ್ಲ. ನಾಲ್ಕು ವರ್ಷ ಆ ಕೆಲಸ ಮಾಡಿದರೂ ಒಂದು ಹನಿ ರಕ್ತ ನೋಡಿರಲಿಲ್ಲವಾದ್ದರಿಂದ ನನಗೂ ಅದು ಅರ್ಧ ನಿಜವೆನಿಸುತ್ತಿತ್ತು.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಬಾಯಿಗಿಂತ ಮೊದಲು ಕೈ ಏಳುತ್ತದೆ. ಏಳನೇ ಕ್ಲಾಸಿನಲ್ಲಿ ಜಡೆ ಎಳೆದ ಹುಡುಗಿಯ ಹಣೆಗೆ ಕಂಪಾಸ್ ಬಾಕ್ಸ್ ಬೀಸಿ ಮೂರು ಹೊಲಿಗೆ ಹಾಕಿಸಿದವಳು ನಾನು. ಜಪಾನಿಗೆ ಬಂದ ಮೇಲೆ ಆ ಕೈಯನ್ನು ಕಟ್ಟಿಹಾಕಿ ಬದುಕಿದೆ. ರೈಲಿನಲ್ಲಿ ನನ್ನ ಕಾಲು ತುಳಿದವರಿಗೆ ನಾನೇ ಸುಮಿಮಾಸೆನ್, ಕ್ಷಮಿಸಿ ಅಂದೆ. ಮೀಟಿಂಗಿನಲ್ಲಿ ನನ್ನ ಮಾತನ್ನು ಅರ್ಧಕ್ಕೆ ಕತ್ತರಿಸಿದವರಿಗೆ ತಲೆ ಬಾಗಿಸಿದೆ. ನುಂಗಿದ ಸಿಟ್ಟು ಕರಗಿಹೋಗುತ್ತದೆ ಎಂದು ನಂಬಿದ್ದೆ. ಅದು ಕರಗುವುದಿಲ್ಲ, ಮನೆಗೆ ಬರುತ್ತದೆ.

ಸಾಂಕ್ರಾಮಿಕದ ಮೊದಲ ವರ್ಷ ಹೋಟೆಲುಗಳು ಮುಚ್ಚಿದವು, ಪ್ರವಾಸಿಗಳು ನಿಂತುಹೋದರು, ದುಬಾರಿ ದನದ ಮಾಂಸವನ್ನು ಕೇಳುವವರಿಲ್ಲವಾಯಿತು. ನಾವು ಅಂಕಿ ಒದಗಿಸುತ್ತಿದ್ದ ದನ ಸಾಕುವವರ ಸಂಘದಲ್ಲಿ ಎರಡು ದೊಡ್ಡ ಹಿಂಡುಗಳಿದ್ದವು. ಒಂದು ಬೆಟ್ಟಗಳ ನಡುವಿನ ಕಣಿವೆಯಲ್ಲಿ, ಹುಲುಸಾದ ಹುಲ್ಲಿನ ನಡುವೆ. ಇನ್ನೊಂದು ದಕ್ಷಿಣದ ಒಂದು ದ್ವೀಪದಲ್ಲಿ, ಉಪ್ಪುಗಾಳಿಗೆ ಹುಲ್ಲೇ ಸರಿಯಾಗಿ ಏಳದ ಕಡೆ. ಸಾಕುವುದು ಭಾರವಾದಾಗ ಸಂಘ ಹಸುಗಳನ್ನು ಕಡಿಮೆ ಮಾಡಲು ನಿರ್ಧರಿಸಿತು. ಎರಡೂ ಕಡೆಯ ಹಸುಗಳನ್ನು ತಳಿಮೌಲ್ಯದ ಪ್ರಕಾರ ಒಂದೇ ಸಾಲಿನಲ್ಲಿ ನಿಲ್ಲಿಸಿ ಪಟ್ಟಿ ಕೊಡಿ, ಕೊನೆಯಲ್ಲಿರುವವು ಕಸಾಯಿಖಾನೆಗೆ ಹೋಗಲಿ ಎಂದರು. ಆ ಪಟ್ಟಿ ಮಾಡಬೇಕಾದವಳು ನಾನು.

ಇಲ್ಲೊಂದು ಮಾತನ್ನು ಬಿಡಿಸಿ ಹೇಳಬೇಕು. ತಳಿಮೌಲ್ಯವೆಂಬುದು ಹಿಂಡಿನ ಒಳಗಿನ ಅಳತೆ. ಎರಡು ಶಾಲೆಗಳಿವೆ ಎಂದುಕೊಳ್ಳಿ. ಪ್ರಶ್ನೆಪತ್ರಿಕೆ ಬೇರೆ, ತಿದ್ದುವ ಮೇಷ್ಟರೂ ಬೇರೆ. ಈ ಶಾಲೆಯ ಕೊನೆಯವಳು ಆ ಶಾಲೆಯ ಮೊದಲನೆಯವಳಿಗಿಂತ ಜಾಣೆಯೋ ದಡ್ಡಿಯೋ ಯಾರೂ ಹೇಳಲಾರರು. ಆದರೆ ಒಬ್ಬಳೇ ಹುಡುಗಿ ಎರಡೂ ಶಾಲೆಗಳಲ್ಲಿ ಪರೀಕ್ಷೆ ಬರೆದು, ಅಲ್ಲಿ ಮೊದಲು, ಇಲ್ಲಿ ಕೊನೆ ಬಂದಿದ್ದರೆ? ಯಾವ ಶಾಲೆಯ ಮಕ್ಕಳು ಗಟ್ಟಿ ಎಂಬುದು ಆ ಒಬ್ಬಳಿಂದ ಗೊತ್ತಾಗುತ್ತದೆ. ಹಿಂಡುಗಳ ನಡುವೆ ಆ ಹುಡುಗಿಯ ಕೆಲಸವನ್ನು ಮಾಡುವುದು ಹೋರಿ. ಅದರ ವೀರ್ಯವನ್ನು ಹೆಪ್ಪುಗಟ್ಟಿಸಿ ಎರಡೂ ಕಡೆಗೆ ಕಳಿಸಿದ್ದರೆ, ಎರಡೂ ಕಡೆ ಅದರ ಮಕ್ಕಳಿದ್ದರೆ, ಅದೇ ಕೊಂಡಿ. ಕೊಂಡಿಯಿಲ್ಲದೆ ಎರಡು ಹಿಂಡನ್ನು ಹೋಲಿಸಬಾರದು. ಇದು ಈ ಕೆಲಸದ ಮೊದಲ ಪಾಠ, ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದೆ.

ಕೊಂಡಿ ಗಟ್ಟಿಯಿದೆಯೇ ಎಂದು ಪರೀಕ್ಷಿಸುವ ಹಂತವೊಂದು ನಮ್ಮ ಪ್ರೋಗ್ರಾಮಿನ ಕೊನೆಗಿತ್ತು. ಕಚೇರಿಯ ಯಂತ್ರದಲ್ಲಿ ಅದು ಬೇಗ ಮುಗಿಯುತ್ತಿತ್ತು. ಮನೆಯಿಂದ ಕೆಲಸ ಶುರುವಾದ ಮೇಲೆ ನನಗೆ ಕೊಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಐದು ಗಂಟೆ ಹಿಡಿಯುತ್ತಿತ್ತು. ಅದರ ಬ್ಯಾಟರಿ ಸತ್ತಿತ್ತು, ಪ್ಲಗ್ ತೆಗೆದರೆ ಯಂತ್ರವೇ ಆರಿಹೋಗುತ್ತಿತ್ತು. ಪಟ್ಟಿ ಕೊಡಬೇಕಾದ ದಿನ ನಾಲ್ಕು ಗಂಟೆಯ ಲೆಕ್ಕ ಮುಗಿದಿದ್ದಾಗ ಏಳು ವರ್ಷದ ಮಗಳು ಬಂದು ತನ್ನ ಟ್ಯಾಬ್ಲೆಟ್ ಚಾರ್ಜ್ ಮಾಡಲು ಆ ಪ್ಲಗ್ ಕಿತ್ತಳು. ಅವಳಿಗೂ ಆನ್‌ಲೈನ್ ಕ್ಲಾಸಿತ್ತು. ಪರದೆ ಕಪ್ಪಾಯಿತು. ನಾನು ಎದ್ದು ಅವಳ ಕೆನ್ನೆಗೆ ಬಾರಿಸಿದೆ. ಸಣ್ಣ ಏಟಲ್ಲ. ಅವಳು ಗೋಡೆಗೆ ತಾಗಿ ನೆಲಕ್ಕೆ ಕೂತಳು, ತುಟಿ ಒಡೆದು ರಕ್ತ ಬಂತು.

ಅವಳು ಅಳಲಿಲ್ಲ. ಎದ್ದು ನಿಂತು, ಶಾಲೆಯಲ್ಲಿ ಕಲಿಸಿದಂತೆ ಸೊಂಟ ಬಾಗಿಸಿ ಗೊಮೆನ್ನಸಾಯಿ ಎಂದು ಕ್ಷಮೆ ಕೇಳಿದಳು. ಅತ್ತಿದ್ದರೆ ತಬ್ಬಿಕೊಳ್ಳುತ್ತಿದ್ದೆನೇನೋ. ಆ ಬಾಗುವಿಕೆ ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು, ನನ್ನ ಮೇಲೆ. ಗಂಡ ಕೋಣೆಯಿಂದ ಓಡಿಬಂದು ಅವಳನ್ನು ಎತ್ತಿಕೊಂಡು ಹೋದರು, ನನ್ನತ್ತ ತಿರುಗಿಯೂ ನೋಡಲಿಲ್ಲ. ನಾನು ಲ್ಯಾಪ್‌ಟಾಪ್ ಮತ್ತೆ ಹಚ್ಚಿದೆ. ಐದು ಗಂಟೆ ಉಳಿದಿರಲಿಲ್ಲ. ಕೊನೆಯ ಹಂತವನ್ನು ತೆಗೆದುಹಾಕಿ ಪಟ್ಟಿ ಮಾಡಿ, ಮರುದಿನ ತೋಜಾಯಿ ಲೈನ್ ಹಿಡಿದು, ರೈಲು ಬದಲಿಸಿ, ಕಚೇರಿಗೆ ಹೋಗಿ ಅದರ ಮೇಲೆ ಸಹಿಯ ಬದಲಿಗೆ ನನ್ನ ಹೆಸರಿನ ಮುದ್ರೆ ಒತ್ತಿ ಬಂದೆ.

ಆ ದಿನಗಳಲ್ಲಿ ರೋಗಕ್ಕೆ ಹೆದರಿ ಮನೆಯಲ್ಲಿ ಕೂತವರೂ ಮುದ್ರೆ ಒತ್ತಲು ಮಾತ್ರ ಕಚೇರಿಗೆ ಬರುತ್ತಿದ್ದರು. ನಮ್ಮಲ್ಲಿ ಅದಕ್ಕೊಂದು ರೀತಿಯಿತ್ತು. ಕೆಳಗಿನವರ ಮುದ್ರೆ ನೆಟ್ಟಗಿರಬಾರದು, ಪಕ್ಕದ ಮೇಲಧಿಕಾರಿಯ ಮುದ್ರೆಯ ಕಡೆಗೆ ಸ್ವಲ್ಪ ವಾಲಿರಬೇಕು, ತಲೆ ಬಾಗಿಸಿದ ಹಾಗೆ. ಸೇರಿದ ವಾರವೇ ನನಗೆ ಅದನ್ನು ಕಲಿಸಿದ್ದರು. ಆ ಪಟ್ಟಿಯ ಮೇಲೆ ಏಳು ಮುದ್ರೆಗಳು ಬಿದ್ದವು, ಒಂದಕ್ಕೊಂದು ವಾಲಿಕೊಂಡು. ಮೊದಲನೆಯದು ನನ್ನದು.

ಹಸುಗಳನ್ನು ಸಾಗಿಸುವ ಮೊದಲು, ಎರಡನೆಯ ವರ್ಷದ ಮಾರ್ಚಿನಲ್ಲಿ, ಸಂಘದವರು ಪರದೆಯ ಮೇಲೆ ಒಂದು ಸಭೆ ಕರೆದರು. ದ್ವೀಪದ ಒಬ್ಬ ಹೆಂಗಸಿನ ಹದಿನಾರು ಹಸುಗಳಲ್ಲಿ ಹನ್ನೊಂದು ಪಟ್ಟಿಯ ತಳದಲ್ಲಿದ್ದವು. ಐವತ್ತರ ಆಸುಪಾಸಿನವರು, ಕುಳ್ಳಗೆ, ಎಡಗೈಯಲ್ಲಿ ಎರಡು ಬೆರಳಿಲ್ಲ. ಹಸು ಜಗ್ಗಿದಾಗ ಹಗ್ಗ ಸುತ್ತಿಕೊಂಡು ಬೆರಳುಗಳನ್ನೇ ಕಿತ್ತುಕೊಂಡು ಹೋಗಿತ್ತಂತೆ. ಅವರ ಅಣ್ಣನನ್ನು ಹೋರಿಯೊಂದು ಗೋಡೆಗೆ ಒತ್ತಿ ಪಕ್ಕೆಲುಬು ಪುಡಿ ಮಾಡಿದ ಮೇಲೆ ಹಿಂಡನ್ನು ಅವರೊಬ್ಬರೇ ನೋಡಿಕೊಳ್ಳುತ್ತಿದ್ದರು. ಹನ್ನೊಂದು ಹೋದರೆ ಉಳಿದ ಐದನ್ನು ಇಟ್ಟುಕೊಂಡು ಮಾಡುವುದೇನೂ ಇಲ್ಲ, ಕೊಟ್ಟಿಗೆ ಮುಚ್ಚಬೇಕು ಎಂದು ಅವರು ಮೊದಲೇ ಹೇಳಿದರು. ಜಪಾನಿನ ಸಭೆಗಳಲ್ಲಿ ದನಿ ಏರಿಸುವವರಿಲ್ಲ. ಅವರು ಏರಿಸಿದರು.

"ಕಣಿವೆ ಹಸು ಪಕ್ಕ ನನ್ ಹಸು ಯಾವತ್ತೂ ನಿಂತಿಲ್ಲ," ಎಂದರು. "ಯಾವುದು ಮೇಲೆ, ಯಾವುದು ಕೆಳಗೆ ಅಂತ ಸೆನ್ಸೇಗೆ ಯಾರು ಹೇಳಿದ್ರು?"

ಮೇಷ್ಟರಿಗೂ ಡಾಕ್ಟರಿಗೂ ಹೇಳುವ ಸೆನ್ಸೇ ಎಂಬ ಆ ಮಾತನ್ನು ಅವರು ಉಗುಳಿದ ರೀತಿಗೆ ನನ್ನ ಕಿವಿ ಬಿಸಿಯಾಯಿತು. ಎರಡೂ ಕಡೆ ಮಕ್ಕಳಿರುವ ಹೋರಿಯ ಮೂಲಕ ಹೋಲಿಸುತ್ತೇವೆ, ಆ ಹೋರಿಯ ಸಂಖ್ಯೆಯನ್ನು ಇವತ್ತೇ ಕಳಿಸುತ್ತೇನೆ ಎಂದು ಚಿಕ್ಕ ಮಕ್ಕಳಿಗೆ ಬಿಡಿಸಿ ಹೇಳುವ ಹಾಗೆ ಹೇಳಿದೆ. ಸಭೆ ಮುಗಿದ ಕೂಡಲೇ ಹುಡುಕಲು ಕೂತೆ. ಅವರ ಬಾಯಿ ಮುಚ್ಚಿಸಬೇಕೆಂಬ ಹಟವೇ ಹೊರತು ಬೇರೇನಲ್ಲ.

ಹೋರಿ ಸಿಗಲಿಲ್ಲ. ಎರಡೂ ಹಿಂಡಿಗೆ ಸೇರಿದ ಒಂದೇ ಒಂದು ಹೋರಿ ಪಟ್ಟಿಯಲ್ಲಿರಲಿಲ್ಲ. ಹಿಂದಿನ ವರ್ಷದ ಕಡತದಲ್ಲಿ ನೋಡಿದರೆ ಇತ್ತು. ಕಣಿವೆಯ ಪುಸ್ತಕದಲ್ಲಿ ಅದಕ್ಕೆ ಒಂದು ಸಂಖ್ಯೆ, ದ್ವೀಪದ ಪುಸ್ತಕದಲ್ಲಿ ಇನ್ನೊಂದು. ಹುಟ್ಟಿದ ದಿನ ಒಂದೇ, ತಂದೆ ಒಂದೇ, ತಾಯಿ ಒಂದೇ. ಎರಡು ಸಲ ಬರೆದದ್ದನ್ನು ಅಳಿಸುವ ಒಂದು ಚುರುಕಿನ ಪ್ರೋಗ್ರಾಮನ್ನು ನಾನು ಆ ವರ್ಷ ಬರೆದಿದ್ದೆ, ಎಲ್ಲರೂ ಹೊಗಳಿದ್ದರು. ಅದು ದ್ವೀಪದ ಸಂಖ್ಯೆಯನ್ನು ಅಳಿಸಿತ್ತು. ಆ ಸಂಖ್ಯೆಯ ಮಕ್ಕಳನ್ನು ಕಣಿವೆಯ ಸಂಖ್ಯೆಗೆ ಸೇರಿಸುವುದನ್ನು ನಾನು ಮರೆತಿದ್ದೆ. ದ್ವೀಪದಲ್ಲಿದ್ದ ಅದರ ಹೆಣ್ಣುಮಕ್ಕಳೆಲ್ಲ ತಂದೆ ಗೊತ್ತಿಲ್ಲದವರಾಗಿದ್ದರು. ಕೊನೆಯ ಹಂತವನ್ನು ಓಡಿಸಿದ್ದರೆ ಕೊಂಡಿ ಇಲ್ಲ ಎಂದು ಅದು ಆವತ್ತೇ ಹೇಳುತ್ತಿತ್ತು.

ಆ ಹೋರಿಯ ಮಕ್ಕಳು ಕಣಿವೆಯಲ್ಲಿ ಎಲ್ಲಕ್ಕಿಂತ ಮೇಲಿದ್ದವು. ದ್ವೀಪದಲ್ಲಿ ಎಲ್ಲಕ್ಕಿಂತ ಕೆಳಗಿದ್ದವು. ಆ ಹೆಂಗಸಿನ ಹನ್ನೊಂದರಲ್ಲಿ ಒಂಬತ್ತು ಅದರವೇ. ದ್ವೀಪದ ತಳ ಎಂದರೆ ಕಣಿವೆಯ ತುದಿ. ಕೈಗೆ ಸಿಕ್ಕ ಸ್ಟೀಲ್ ಲೋಟವನ್ನು ಗೋಡೆಗೆ ಬೀಸಿದೆ. ಕಾಫಿ ಸುರಿಯಿತು, ತೆಳು ಗೋಡೆಯಲ್ಲಿ ಗುಳಿ ಬಿತ್ತು, ಪಕ್ಕದ ಮನೆಯವರು ಗೋಡೆ ಬಡಿದರು. ನಾನೂ ತಿರುಗಿ ಬಡಿದೆ, ಗೆಣ್ಣು ತರಚುವವರೆಗೆ. ಗಂಡ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು.

"ಅವಳು ನೋಡ್ತಿದ್ದಾಳೆ. ಇವತ್ತು ಯಾರನ್ನ ಹೊಡೀತೀಯ?"

ಮಗಳು ಅವರ ಹಿಂದೆ ನಿಂತಿದ್ದಳು, ಎರಡೂ ಕೈಯಿಂದ ಕೆನ್ನೆ ಮುಚ್ಚಿಕೊಂಡು.

ಬುಚೋ-ಸಾನ್, ಅಂದರೆ ನಮ್ಮ ವಿಭಾಗದ ಮುಖ್ಯಸ್ಥರು, ನಾನು ಹೇಳಿದ್ದನ್ನೆಲ್ಲ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತ ಕೇಳಿದರು. ಅಂಕಿಗಳು ಪ್ರತಿ ವರ್ಷ ಏರಿಳಿಯುತ್ತವೆ, ಮುಂದಿನ ಪಟ್ಟಿಯಲ್ಲಿ ಸರಿಪಡಿಸಿದರಾಯಿತು ಎಂದರು.

"ಮುಂದಿನ ಪಟ್ಟಿ ಹೊತ್ತಿಗೆ ಅವು ಬದುಕಿರಲ್ಲ, ಬುಚೋ-ಸಾನ್."

ಅವರು, ಏಳು ಮುದ್ರೆಯಿಂದ ಹೊರಟದ್ದನ್ನು ಏಳು ಮುದ್ರೆಯೇ ತಡೆಯಬೇಕು, ಆರು ತನ್ನಿ, ಕೊನೆಯದು ನನ್ನದು ಎಂದರು. ತಡೆಪತ್ರ ಬರೆದು ನನ್ನ ಮುದ್ರೆಯನ್ನು ನೆಟ್ಟಗೆ ಒತ್ತಿದೆ. ಅವರು ಅದನ್ನು ನೋಡಿ, ಕಾಗದವನ್ನು ಹಾಗೆಯೇ ನನ್ನ ಕೈಗೆ ಕೊಟ್ಟರು.

ಮಂಗಳವಾರದಿಂದ ಗುರುವಾರದವರೆಗೆ ಆ ಕಾಗದವನ್ನು ಹಿಡಿದುಕೊಂಡು ರೈಲಿಂದ ರೈಲಿಗೆ ಓಡಾಡಿದೆ. ಒಬ್ಬರು ವಾರಕ್ಕೆ ಒಂದೇ ದಿನ ಕಚೇರಿಗೆ ಬರುವವರು. ಇನ್ನೊಬ್ಬರು ಮನೆಯ ಬಾಗಿಲಿನ ಸರಪಳಿ ತೆಗೆಯದೆ ಸಂದಿಯಿಂದಲೇ ಕಾಗದ ಒಳಗೆಳೆದುಕೊಂಡು, ಅದಕ್ಕೆ ಸ್ಯಾನಿಟೈಸರ್ ಸಿಂಪಡಿಸಿ ಒರೆಸಿದರು. ಅಷ್ಟರಲ್ಲಾಗಲೇ ಬಿದ್ದಿದ್ದ ಮೂರು ಮುದ್ರೆಗಳ ಕೆಂಪು ಮಸಿ ಹಾಳೆ ತುಂಬ ಹರಡಿತು. ಮತ್ತೆ ಮೊದಲಿನಿಂದ. ಆ ಮನುಷ್ಯನ ಕತ್ತು ಹಿಸುಕಬೇಕೆನಿಸಿತು. ಬಾಯಲ್ಲಿ ಬಂದದ್ದು ಸುಮಿಮಾಸೆನ್.

ಗುರುವಾರ ಸಂಜೆ ಏಳನೆಯ ಮುದ್ರೆ ಬಿತ್ತು. ದ್ವೀಪಕ್ಕೆ ಫ್ಯಾಕ್ಸ್ ಹೋಯಿತು. ಅಲ್ಲಿನ ಗುಮಾಸ್ತ ಫೋನ್ ಮಾಡಿ, ಏಳು ಹಸುಗಳನ್ನು ಉಳಿಸಿಕೊಂಡಿದ್ದೇವೆ, ಮೊದಲ ನಾಲ್ಕು ಮಧ್ಯಾಹ್ನದ ಹಡಗಿನಲ್ಲಿ ಹೋದವು, ಒಡತಿಯೂ ಜೊತೆಗೆ ಹೋಗಿದ್ದಾರೆ ಎಂದ. ಹಡಗು ಬೆಳಗ್ಗೆ ಬಂದರಿಗೆ ಬರುತ್ತದೆ, ಅಲ್ಲಿಂದ ನೇರ ಕಸಾಯಿಖಾನೆ. ಬಂದರಿನಲ್ಲಿ ಲಾರಿ ನಿಲ್ಲಿಸಿ ಎಂದರೆ ಫೋನಿನಲ್ಲಿ ಯಾರೂ ಹೂಂ ಅನ್ನಲಿಲ್ಲ. ಶುಕ್ರವಾರ ಮೊದಲ ವಿಮಾನ ಹಿಡಿದು, ಟ್ಯಾಕ್ಸಿಯಲ್ಲಿ ಆ ಬಂದರು ಊರಿನ ಕಸಾಯಿಖಾನೆಯ ಗೇಟಿಗೆ ಹೋದೆ. ಲಾರಿ ಒಳಗೆ ಹೋಗಿ ಅರ್ಧ ಗಂಟೆಯಾಗಿತ್ತು. ಕಾವಲುಗಾರ ನನ್ನ ಕಾಗದವನ್ನು ಕೊನೆಯವರೆಗೆ ಓದಿ, ಒಳಗೆ ಹೋದ ದನ ಜೀವಂತ ಹೊರಗೆ ಬರುವಂತಿಲ್ಲ, ರೋಗ ಹರಡದಿರಲೆಂದು ಮಾಡಿದ ನಿಯಮ, ಯಾರ ಮುದ್ರೆಯಿದ್ದರೂ ಅಷ್ಟೇ ಎಂದ. ನನ್ನನ್ನು ಮಾತ್ರ ಒಳಗೆ ಬಿಟ್ಟ.

ಆ ಹೆಂಗಸು ದನ ಇಳಿಸುವ ಇಳಿಜಾರಿನ ಪಕ್ಕ ನಿಂತಿದ್ದರು. ಮೂರು ಒಳಗೆ ಹೋಗಿಯಾಗಿತ್ತು. ನಾಲ್ಕನೆಯದು ಲಾರಿಯಿಂದ ಅರ್ಧ ಇಳಿದು ನಿಂತಿತ್ತು. ನಾನು ಯಾರೆಂದು ಹೇಳಿ, ಕಾಗದ ಕೊಟ್ಟು, ತಪ್ಪು ನನ್ನದು, ನಿಮ್ಮ ಹಸುಗಳು ಕೊನೆಯವಲ್ಲ ಎಂದೆ. ಅವರು ಮೂರು ಬೆರಳಿನ ಕೈಯಲ್ಲಿ ಕಾಗದ ಹಿಡಿದು ಓದುತ್ತಿರುವಾಗಲೇ ಒಳಗಿನಿಂದ ಠಪ್ ಎಂದು ಶಬ್ದ ಬಂತು, ಹಿಂದೆಯೇ ದಪ್ಪ ದೇಹವೊಂದು ಸಿಮೆಂಟಿಗೆ ಬಿದ್ದದ್ದು ಕಾಲಿಗೇ ತಿಳಿಯಿತು. ನಾಲ್ಕನೆಯ ಹಸುವಿಗೆ ಅದು ಗೊತ್ತಾಯಿತು. ಅದು ಹಿಂದಕ್ಕೆ ನುಗ್ಗಿ, ತಿರುಗಿ, ಕಂಬಿಯ ಪಕ್ಕ ನಿಂತಿದ್ದ ಕೆಲಸದವನನ್ನು ಪಕ್ಕೆಯಿಂದ ಜಜ್ಜಿತು. ಅವನ ತೋಳು ಕಂಬಿಗಳ ನಡುವೆ ಸಿಕ್ಕಿ ಮುರಿದದ್ದು ನನಗೆ ಕೇಳಿಸಿತು. ಬಿಳಿ ಬಟ್ಟೆ ಮೊಣಕೈಯ ಹತ್ತಿರ ಕೆಂಪಾಯಿತು. ಇಬ್ಬರು ಕೋಲು ಹಿಡಿದು ಮೇಲೆ ಬಿದ್ದರು. ಮುಖಕ್ಕೆ, ಮೂಗಿಗೆ, ಕಣ್ಣಿಗೆ ಬಾರಿಸಿದರು. ಹಸು ಒದ್ದಿತು, ಒದ್ದೆ ಇಳಿಜಾರಿನಲ್ಲಿ ಜಾರಿತು, ಅದರ ಮುಂಗಾಲು ಕಂಬಿಯಡಿ ಸಿಕ್ಕಿ ಮಂಡಿಯ ಕೆಳಗೆ ತಿರುಚಿಕೊಂಡಿತು. ಆಮೇಲೆ ಅದು ಕೂಗಿದ್ದು ಹಸು ಕೂಗುವಂತಿರಲಿಲ್ಲ.

ಇನ್ನು ಅದು ಎಲ್ಲಿಗೂ ಹೋಗುವಂತಿರಲಿಲ್ಲ, ನಿಯಮವಿರಲಿ ಇಲ್ಲದಿರಲಿ. ಆ ಹೆಂಗಸು ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. ಕೋಲು ಹಿಡಿದವರನ್ನು ಪಕ್ಕಕ್ಕೆ ತಳ್ಳಿ, ಇಳಿಜಾರಿನ ಆ ಕೊನೆಗೆ, ಒಳಗಿನ ಬಾಗಿಲ ಬಳಿಗೆ ಹೋಗಿ ನಿಂತರು.

"ಹೊಡೀಬೇಡಿ," ಎಂದರು. "ನಾನ್ ಕರೆದ್ರೆ ಬರ್ತಾಳೆ."

ಕರೆದರು. ದಿನಾ ಸಂಜೆ ಹುಲ್ಲುಗಾವಲಿನಿಂದ ಕರೆಯುವ ದನಿ ಇರಬೇಕು, ಉದ್ದಕ್ಕೆ, ಮೆಲ್ಲಗೆ. ಹಸು ಕೂಗು ನಿಲ್ಲಿಸಿತು. ಮೂರು ಕಾಲಿನಲ್ಲಿ ಎದ್ದು, ಮುರಿದದ್ದನ್ನು ಎಳೆದುಕೊಂಡು, ಮೂಗಿನಿಂದ ರಕ್ತ ಸುರಿಸುತ್ತ ಆ ದನಿಯ ಕಡೆಗೆ ನಡೆಯಿತು. ಅವರು ಹಣೆ ಸವರಿದರು. ಸವರಿದ ಜಾಗಕ್ಕೇ ಒಬ್ಬ ಕಬ್ಬಿಣದ ಪಿಸ್ತೂಲು ಇಟ್ಟ. ನಾಲ್ಕು ಕಾಲೂ ಒಟ್ಟಿಗೆ ಮಡಚಿಕೊಂಡವು. ಹಿಂಗಾಲಿಗೆ ಸರಪಳಿ ಹಾಕಿ ಮೇಲಕ್ಕೆಳೆದರು, ಕತ್ತು ಸೀಳಿದರು. ನಾಲ್ಕು ವರ್ಷ ನೋಡದೆ ಉಳಿದಿದ್ದ ರಕ್ತವನ್ನೆಲ್ಲ ಆ ದಿನ ನೋಡಿದೆ. ಅದು ಬಕೆಟ್ಟು ಬೋರಲು ಹಾಕಿದಂತೆ ಬೀಳುತ್ತದೆ, ಅದರಿಂದ ಹಬೆ ಏಳುತ್ತದೆ. ಪಕ್ಕದ ಚರಂಡಿಗೆ ವಾಂತಿ ಮಾಡಿದೆ.

ತಲೆ ಎತ್ತಿದಾಗ ಅವರು ನನ್ನ ಎದುರಿಗಿದ್ದರು. ಬಲಗೈಯನ್ನು ಹಿಂದಕ್ಕೊಯ್ದು ಕೆನ್ನೆಗೆ ಹೊಡೆದರು. ನನ್ನ ಮಾಸ್ಕ್ ಹಾರಿಹೋಯಿತು, ಹಲ್ಲು ತಾಗಿ ಬಾಯೊಳಗೆ ಉಪ್ಪಾಯಿತು. ಒಂದು ವರ್ಷದಲ್ಲಿ ನನ್ನ ಮನೆಯವರನ್ನು ಬಿಟ್ಟು ನನ್ನನ್ನು ಮುಟ್ಟಿದ ಮೊದಲ ಕೈ ಅದು. ಹಸುವಿನ ರಕ್ತದಿಂದ ಬೆಚ್ಚಗಿತ್ತು. ನನ್ನ ಕೈ ಏಳಲಿಲ್ಲ. ಸೊಂಟ ಬಾಗಿಸಿ ಗೊಮೆನ್ನಸಾಯಿ ಎಂದೆ. ಹೇಳುತ್ತಿರುವಾಗಲೇ ಮಗಳು ನೆನಪಾದಳು. ಹೊಡೆಸಿಕೊಂಡವರು ಯಾಕೆ ಬಾಗುತ್ತಾರೆ ಎಂದು ಆಗ ಗೊತ್ತಾಯಿತು. ಇನ್ನೊಂದು ಏಟು ಬೀಳದಿರಲಿ ಎಂದು, ಅಷ್ಟೇ.

ಅವರು ಇನ್ನೊಂದು ಏಟು ಹೊಡೆಯಲಿಲ್ಲ. "ಈ ನಾಲ್ಕರ ಸರಿಯಾದ ಜಾಗ ಯಾವುದು, ಬರೆದು ಕಳಿಸಿ," ಎಂದರು. "ಸತ್ತವು ಅಂತ ಬಿಡಬೇಡಿ."

ಮನೆಗೆ ಬಂದಾಗ ಕೆನ್ನೆ ಊದಿತ್ತು. ಮಗಳು ದೂರದಿಂದ ನೋಡಿ, ಮೆಲ್ಲನೆ ಹತ್ತಿರ ಬಂದು, ಇತಾಕತ್ತಾ, ನೋವಾಯ್ತಾ ಎಂದು ಕೇಳಿದಳು. ಹೌದು ಅಂದೆ. ನಿನಗೂ ಹೀಗೇ ಆಗಿತ್ತಲ್ಲ, ನಾನು ಮಾಡಿದ್ದು ತಪ್ಪು ಅಂದೆ. ಅವಳು ಬಾಗಲಿಲ್ಲ. ಆಮೇಲೆ ಅಳಲು ಶುರುಮಾಡಿದಳು, ತಿಂಗಳುಗಳ ಅಳುವನ್ನೆಲ್ಲ ಕೂಡಿಟ್ಟುಕೊಂಡಿದ್ದವಳಂತೆ ಅತ್ತಳು, ನನ್ನ ಎದೆಗೆ ಮುಷ್ಟಿಯಿಂದ ಗುದ್ದಿದಳು. ನಾನು ಗುದ್ದಿಸಿಕೊಂಡೆ.

ಭಾನುವಾರ ಲೆಕ್ಕವನ್ನು ಮೊದಲಿನಿಂದ ಹಚ್ಚಿದೆ, ಹೋರಿಗೆ ಅದರ ಮಕ್ಕಳನ್ನೆಲ್ಲ ಮರಳಿಸಿ, ಕೊನೆಯ ಹಂತವನ್ನೂ ಸೇರಿಸಿ. ಐದು ಗಂಟೆ. ಮಗಳು ನಾನು ಹೇಳದೆಯೇ ಪ್ಲಗ್ಗಿನ ಪಕ್ಕ ಚಿತ್ರ ಬರೆಯುತ್ತ ಕಾವಲು ಕೂತಳು. ನಡುವೆ ಅಮ್ಮನ ಫೋನ್ ಬಂತು. ಎಂದಿನಂತೆ ಹಸುಗಳೆಲ್ಲ ಚೆನ್ನಾಗಿವೆಯಾ ಎಂದು ಕೇಳಿದರು.

"ಕಡಿಯೋಕೆ ಸಾಕೋ ಹಸುಗಳಮ್ಮ ಅವು," ಎಂದೆ. "ಯಾವುದನ್ನ ಕಡೀಬೇಕು ಅಂತ ಪಟ್ಟಿ ಮಾಡೋದು ನನ್ನ ಕೆಲಸ. ಮೊನ್ನೆ ನಾಲ್ಕನ್ನ ತಪ್ಪಾಗಿ ಕೊಂದೆ."

ಅಮ್ಮ ಫೋನ್ ಇಟ್ಟರು. ಆಮೇಲೆ ಎರಡು ತಿಂಗಳು ಮಾಡಲಿಲ್ಲ.

ಲೆಕ್ಕ ಮುಗಿದಾಗ ದ್ವೀಪದ ಹಿಂಡು ಇಡಿಯಾಗಿ ಮೇಲಕ್ಕೆ ಸರಿದಿತ್ತು. ಒಂದು ಬಿಳಿ ಹಾಳೆಯ ಮೇಲೆ ಆ ನಾಲ್ಕು ಹಸುಗಳ ಕಿವಿಯ ಬಿಲ್ಲೆಯ ಸಂಖ್ಯೆಗಳನ್ನೂ ಅವುಗಳ ಎದುರಿಗೆ ಎರಡೂ ಹಿಂಡುಗಳ ಒಂದೇ ಸಾಲಿನಲ್ಲಿ ಅವುಗಳ ಸ್ಥಾನವನ್ನೂ ಕೈಯಿಂದ ಬರೆದೆ. ನಾಲ್ಕರಲ್ಲಿ ಎಲ್ಲಕ್ಕಿಂತ ಕೆಳಗಿದ್ದದ್ದು, ಮೂರು ಕಾಲಿನಲ್ಲಿ ಒಡತಿಯ ದನಿಗೆ ನಡೆದುಹೋದ ಹಸು. ಕಣಿವೆಯ ಮೊದಲನೆಯ ಹಸುವಿಗಿಂತ ಅದು ಒಂದು ಸ್ಥಾನ ಮೇಲಿತ್ತು. ಅದನ್ನೂ ಬರೆದೆ. ಹಾಳೆಯ ತಳದಲ್ಲಿ ಮುದ್ರೆ ಒತ್ತಿ, ಕೆಳಗಿನ ಕೊಂಬಿನಿ ಅಂಗಡಿಗೆ ಹೋಗಿ ಫ್ಯಾಕ್ಸ್ ಮಾಡಿದೆ. ಪಕ್ಕದಲ್ಲಿ ಬೇರೆ ಯಾರ ಮುದ್ರೆಯೂ ಇರಲಿಲ್ಲ. ಆದರೂ ನನ್ನದನ್ನು ಬಾಗಿಸಿಯೇ ಒತ್ತಿದ್ದೆ, ಮೇಲೆ ಬರೆದಿದ್ದ ಆ ನಾಲ್ಕು ಸಂಖ್ಯೆಗಳ ಕಡೆಗೆ.